ಪೇಸ್ಟ್ರಿ ಮೇಲೆ ಮೊಟ್ಟೆ ಒಡೆದರೆ ತಳ ಯಾಕೆ ಹಸಿಯಾಗಿ ಉಳಿಯುತ್ತದೆ?

ಪ್ರಶ್ನೆ: ಬೆಳಗಿನ ತಿಂಡಿಗೆ ಹೊಸದೇನಾದರೂ ಮಾಡೋಣ ಅಂತ ಪಫ್ ಪೇಸ್ಟ್ರಿ (ಬೇಕರಿಯ ಪಫ್‌ಗೆ ಬಳಸುವ, ಬೆಣ್ಣೆ ಸೇರಿಸಿ ಪದರ ಪದರವಾಗಿ ಮಡಚಿದ ಹಿಟ್ಟು) ಹಾಳೆಯ ಮೇಲೆ ಮೊಟ್ಟೆ ಒಡೆದು ಹಾಕಿ ಓವನ್‌ನಲ್ಲಿಟ್ಟೆ. ಬಿಳಿಭಾಗ ರಬ್ಬರ್ ಆಯಿತು, ಹಳದಿ ಪುಡಿಪುಡಿ. ಪೇಸ್ಟ್ರಿಯ ತಳ ಮಾತ್ರ ಹಸಿ ಹಸಿ! ಎರಡೂ ಹದವಾಗಿ ಬೇಯುವುದೇ ಇಲ್ವಾ?

ಉತ್ತರ: ಬೇಯುತ್ತವೆ, ಆದರೆ ಎರಡನ್ನೂ ಒಂದೇ ಸಲ ಓವನ್‌ಗೆ ಇಡಬಾರದು. ಬಿಳಿಭಾಗ ಸುಮಾರು 62 ಡಿಗ್ರಿ ಸೆಲ್ಸಿಯಸ್‌ಗೇ ಗಟ್ಟಿಯಾಗಲು ಶುರುವಾಗುತ್ತದೆ. ಹಳದಿಗೆ 65ರಿಂದ 70 ಡಿಗ್ರಿ ಸಾಕು. ಪೇಸ್ಟ್ರಿಗೆ ಆ ಬಿಸಿ ಎಲ್ಲಿ ಸಾಕು? ಹಿಟ್ಟಿನಲ್ಲಿ, ಪದರಗಳ ನಡುವಿನ ಬೆಣ್ಣೆಯಲ್ಲಿ ಇರುವ ನೀರು ಆವಿಯಾಗಿ ಪದರಗಳನ್ನು ಎತ್ತಬೇಕು. ಆಮೇಲೆ ಆ ಆವಿ ಹೊರಗೆ ಹೋಗಬೇಕು, ಆಗಲೇ ಗರಿಗರಿ. ನೀವು ಅದರ ಮೇಲೆ ಹಸಿ ಮೊಟ್ಟೆ ಸುರಿದಿದ್ದೀರಿ. ಬಿಳಿಭಾಗದಲ್ಲಿ ಶೇಕಡ 90ರಷ್ಟು ನೀರೇ ಇರುತ್ತದೆ. ಮೇಲಿಂದ ಒದ್ದೆ, ಜೊತೆಗೆ ಭಾರ. ಪದರ ಏಳುವುದಾದರೂ ಹೇಗೆ?

ಹಾಗಾಗಿ ಮೊದಲು ಪೇಸ್ಟ್ರಿಯನ್ನೇ ಬೇಯಿಸಿ. ಅಂಚಿನಿಂದ ಒಂದೂವರೆ ಸೆಂಟಿಮೀಟರ್ ಒಳಗೆ ಚಾಕುವಿನಿಂದ ಗೆರೆ ಎಳೆಯಿರಿ, ಪೂರ್ತಿ ಕತ್ತರಿಸಬೇಡಿ. ನಡುವೆ ಫೋರ್ಕ್‌ನಿಂದ ಚುಚ್ಚಿ. ಚುಚ್ಚಿದ ಕಡೆ ಆವಿ ಸೋರಿಹೋಗುವುದರಿಂದ ಅಂಚು ಉಬ್ಬುತ್ತದೆ, ನಡುಭಾಗ ಅಷ್ಟಾಗಿ ಏಳುವುದಿಲ್ಲ. 200 ಡಿಗ್ರಿಯಲ್ಲಿ 10–12 ನಿಮಿಷ ಬೇಯಿಸಿ ತೆಗೆದು, ನಡುಭಾಗವನ್ನು ಚಮಚದ ಹಿಂಬದಿಯಿಂದ ಒತ್ತಿ ಗುಂಡಿ ಮಾಡಿ. ಅಲ್ಲಿ ತುರಿದ ಚೀಸ್ ಹರಡಿ. ರುಚಿಗಷ್ಟೇ ಅಲ್ಲ, ಕರಗಿದ ಚೀಸ್ ಮೊಟ್ಟೆಯ ನೀರು ಕೆಳಗಿಳಿಯದಂತೆ ತಡೆಯುತ್ತದೆ. ಅದರ ಮೇಲೆ ಮೊಟ್ಟೆ ಒಡೆದು ಹಾಕಿ ಮತ್ತೆ 7–9 ನಿಮಿಷ ಇಡಿ.

ಫ್ರಿಜ್‌ನಿಂದ ಆಗಷ್ಟೇ ತೆಗೆದ ಮೊಟ್ಟೆಗೆ ಒಂದೆರಡು ನಿಮಿಷ ಜಾಸ್ತಿ ಬೇಕು. ಪ್ರತಿ ಓವನ್‌ಗೂ ಅದರದೇ ಬುದ್ಧಿ, ಗಡಿಯಾರಕ್ಕಿಂತ ಕಣ್ಣನ್ನು ನಂಬಿ. ಬಿಳಿಭಾಗ ಬೆಳ್ಳಗಾಗಿ, ಹಳದಿಯ ಸುತ್ತ ಮಾತ್ರ ತುಸು ನಡುಗುತ್ತಿರುವಾಗಲೇ ಹೊರತೆಗೆಯಿರಿ. ಉಳಿದದ್ದು ಒಳಗಿನ ಬಿಸಿಗೇ ಬೇಯುತ್ತದೆ. ಚಿಕ್ಕ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ತಿನ್ನುವುದಾದರೆ ಹಳದಿಯೂ ಗಟ್ಟಿಯಾಗುವವರೆಗೆ ಬಿಡುವುದೇ ಕ್ಷೇಮ.

ಇಷ್ಟೆಲ್ಲ ಬೇಡ ಅನಿಸಿದರೆ ನಿನ್ನೆಯ ಕ್ರೊಸಾಂಟ್ (ಪದರ ಪದರವಾದ, ಅರ್ಧಚಂದ್ರದಾಕಾರದ ಬೆಣ್ಣೆ ರೋಲ್) ಇದೆಯಲ್ಲ! ಅದು ಆಗಲೇ ಬೆಂದಿರುತ್ತದೆ, ಸ್ವಲ್ಪ ಒಣಗಿಯೂ ಇರುತ್ತದೆ. ಮೇಲಿಂದ ಒಂದು ತೂತು ಕೊರೆದು, ತಳ ಹರಿಯದಂತೆ ನೋಡಿಕೊಂಡು, ಒಳಗೆ ಮೊಟ್ಟೆ ಒಡೆದು 180 ಡಿಗ್ರಿಯಲ್ಲಿ ಬೇಯಿಸಿ. ನನ್ನ ಮಟ್ಟಿಗೆ ಹೊಸ ಹಾಳೆಗಿಂತ ಇದೇ ರುಚಿ. ತುದಿಗಳು ಬೇಗ ಕಪ್ಪಾದರೆ ಮೇಲೆ ಫಾಯಿಲ್ ಮುಚ್ಚಿ.

ಎಗ್ ಬುರ್ಜಿಯನ್ನು ಪೇಸ್ಟ್ರಿಯೊಳಗೆ ಮಡಚಿ ಬೇಯಿಸುವವರೂ ಇದ್ದಾರೆ. ಆಗ ಬುರ್ಜಿಯನ್ನು ಸ್ವಲ್ಪ ಮೆತ್ತಗಿರುವಾಗಲೇ ಒಲೆಯಿಂದ ಇಳಿಸಿ, ಪೂರ್ತಿ ಆರಿಸಿ ತುಂಬಿ. ಬಿಸಿಯಾಗಿ ತುಂಬಿದರೆ ಓವನ್‌ಗೆ ಹೋಗುವ ಮೊದಲೇ ಬೆಣ್ಣೆ ಕರಗಿ ಪದರಗಳೆಲ್ಲ ಅಂಟಿಕೊಳ್ಳುತ್ತವೆ.