ಒಂದು ಪುಟದ ಪಾಠದಲ್ಲಿ ಏನಿರಬೇಕು?

ನೌಕರರು ತಾವೇ ಓದಿ ಕಲಿಯಲೆಂದು ಕಾರ್ಖಾನೆಗಳು ಸಿದ್ಧಪಡಿಸುವ ಕಿರುಪಾಠಗಳಲ್ಲಿ ನನಗೆ ಮೇಲಿಂದ ಮೇಲೆ ಕಾಣುವ ದೋಷವೆಂದರೆ, ಅವುಗಳಲ್ಲಿ ಪುಟಗಳು ಕಡಿಮೆಯಾಗಿರುತ್ತವೆಯೇ ಹೊರತು ವಿಷಯದ ಹರವು ಕಡಿಮೆಯಾಗಿರುವುದಿಲ್ಲ. ದಪ್ಪ ಕೈಪಿಡಿಯನ್ನು ಹಿಂಡಿ ಎರಡು ಪುಟಕ್ಕೆ ಇಳಿಸಿದರೆ ಅದು ಬಲ್ಲವರಿಗೆ ಟಿಪ್ಪಣಿಯಾಗುತ್ತದೆ, ಹೊಸಬರಿಗೆ ಪಾಠವಾಗುವುದಿಲ್ಲ. ಪಾಠ ಬರೆಯುವವರು ಕೆಲಸಗಾರ ಎಡವುವ ಜಾಗವನ್ನು ಮೊದಲು ಗುರುತಿಸಿಕೊಂಡು ಅಲ್ಲಿಂದಲೇ ಆರಂಭಿಸಬೇಕು.

ಸಣ್ಣ ಅಳತೆಗಳನ್ನು ನಿಖರವಾಗಿ ಅಳೆಯುವ ಉಪಕರಣವಾದ ಮೈಕ್ರೋಮೀಟರನ್ನು ಓದುವ ಕೆಲಸವನ್ನೇ ನೋಡೋಣ. ಸಾಮಾನ್ಯ ಮೈಕ್ರೋಮೀಟರಿನಲ್ಲಿ ಥಿಂಬಲ್ (ಬೆರಳಿನಿಂದ ತಿರುಗಿಸುವ ಹೊರಗಿನ ಕೊಳವೆ) ಒಂದು ಸುತ್ತು ತಿರುಗಿದಾಗ ಸ್ಪಿಂಡಲ್ (ಅಳೆಯುವ ವಸ್ತುವನ್ನು ಮುಟ್ಟುವ ಸರಳು) 0.5 ಮಿ.ಮೀ. ಸರಿಯುತ್ತದೆ; ಥಿಂಬಲಿನ ಸುತ್ತ 50 ಭಾಗಗಳಿರುವುದರಿಂದ ಒಂದು ಭಾಗಕ್ಕೆ 0.01 ಮಿ.ಮೀ. ಬರುತ್ತದೆ. ಈ ಲೆಕ್ಕ ಐಟಿಐ ಮುಗಿಸಿ ಬಂದ ಹುಡುಗರಿಗೆ ಬಾಯಿಪಾಠವಾಗಿರುತ್ತದೆ. ಅವರು ತಪ್ಪುವುದು ಸ್ಲೀವಿನ (ಥಿಂಬಲಿನೊಳಗಿನ, ತಿರುಗದ ಕೊಳವೆಯ) ಮೇಲಿನ ಅರ್ಧ ಮಿ.ಮೀ. ಗೆರೆ ಥಿಂಬಲಿನ ಅಂಚಿನಿಂದ ಹೊರಗೆ ಕಾಣಿಸಿದೆಯೇ ಇಲ್ಲವೇ ಎಂದು ಗಮನಿಸುವಲ್ಲಿ. ಆ ಒಂದು ಗೆರೆ ಕಣ್ತಪ್ಪಿದರೆ 7.78 ಮಿ.ಮೀ. ಇರುವ ಅಳತೆ 7.28 ಎಂದು ದಾಖಲಾಗುತ್ತದೆ. ಆದ್ದರಿಂದ ಈ ಪುಟದಲ್ಲಿ ಗೆರೆ ಕಾಣುವ ಮತ್ತು ಕಾಣದ ಎರಡು ಚಿತ್ರಗಳು ಅಕ್ಕಪಕ್ಕದಲ್ಲಿದ್ದು, ಕೆಳಗೆ ಓದಿ ಬರೆಯಬೇಕಾದ ನಾಲ್ಕಾರು ಅಳತೆಗಳಿದ್ದರೆ ಸಾಕು. ಉಪಕರಣದ ಬಗೆಗಳು, ಅದನ್ನು ಒರೆಸಿಡುವ ಕ್ರಮ, ಇವೆಲ್ಲ ಬೇರೆ ಪುಟದ ವಿಷಯ.

ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದಕ್ಕೆ ಒಂದು ಹಳೆಯ ಅಳತೆಗೋಲು ಈಗಲೂ ಉಪಯೋಗಕ್ಕೆ ಬರುತ್ತದೆ. 1940ರಿಂದ 1945ರವರೆಗೆ ಅಮೆರಿಕದ ಯುದ್ಧಕಾಲದ ಕಾರ್ಖಾನೆಗಳಲ್ಲಿ ನಡೆದ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಕಾರ್ಯಕ್ರಮದಲ್ಲಿ ಕೆಲಸವನ್ನು ಹಂತಗಳಾಗಿ ಬಿಡಿಸಿ, ಪ್ರತಿ ಹಂತದ ಎದುರು ಮುಖ್ಯಾಂಶಗಳನ್ನು ಬರೆಯುತ್ತಿದ್ದರು. ಕೆಲಸವನ್ನು ಕೆಡಿಸಬಲ್ಲದ್ದು, ಕೆಲಸಗಾರನಿಗೆ ಪೆಟ್ಟು ಮಾಡಬಲ್ಲದ್ದು, ಕೈಗೆ ಕೆಲಸವನ್ನು ಸುಲಭಗೊಳಿಸುವ ಉಪಾಯ, ಇವು ಮಾತ್ರ ಮುಖ್ಯಾಂಶಗಳು. ಅದು ಬೋಧಕರಿಗಾಗಿ ಮಾಡಿದ ಏರ್ಪಾಡು ಎಂಬುದು ನಿಜ. ಆದರೆ ಬೋಧಕನಿಲ್ಲದ ಪಾಠಕ್ಕೆ ಅಂಥ ಜರಡಿ ಇನ್ನೂ ಹೆಚ್ಚು ಅಗತ್ಯ.

ಪ್ರಶ್ನೆಗಳ ವಿಚಾರದಲ್ಲಿ ಜಿಪುಣತನ ಸಲ್ಲದು. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಪರೀಕ್ಷಿಸಿದಾಗ ಪಾಠವನ್ನು ಮತ್ತೆ ಓದಿದವರು ಮುಂದಿದ್ದರೆ, ಒಂದು ವಾರದ ನಂತರ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದಿದ್ದವರು ಮುಂದಿದ್ದರು. ಓದಿದ ಕೂಡಲೇ ಹತ್ತಕ್ಕೆ ಹತ್ತು ಬಂದಿತೆಂದು ತರಬೇತಿ ವಿಭಾಗ ದಾಖಲಿಸಿಕೊಳ್ಳುವ ಅಂಕಗಳನ್ನು ನಾನು ಹೆಚ್ಚು ನಂಬದಿರುವುದಕ್ಕೆ ಇದೇ ಕಾರಣ. ಅದೇ ಪ್ರಶ್ನೆಗಳನ್ನು, ಅಳತೆಗಳನ್ನಷ್ಟೇ ಬದಲಿಸಿ, ಮುಂದಿನ ವಾರ ಪಾಳಿ ಆರಂಭವಾಗುವ ಮೊದಲು ಮತ್ತೊಮ್ಮೆ ಕೊಡಬೇಕು.

ಕಾಗದದಿಂದ ಕಲಿಯಲಾಗದ ಭಾಗವೂ ಇದೆ. ಥಿಂಬಲನ್ನು ಎಷ್ಟು ಬಿಗಿ ಮಾಡಬೇಕು, ಅತಿಯಾಗಿ ಬಿಗಿಯಾಗದಂತೆ ತಡೆಯುವ ರ‍್ಯಾಚೆಟ್ ಕ್ಲಿಕ್ಕೆಂದ ಮೇಲೆ ಕೈ ಎಲ್ಲಿ ನಿಲ್ಲಬೇಕು ಎಂಬುದನ್ನು ಬೆರಳೇ ಕಲಿಯಬೇಕು. ಹಾಗಾಗಿ ಪುಟದ ಕೊನೆಯ ಸಾಲಿನಲ್ಲಿ, ಕಲಿಯುವವರು ಮೇಲ್ವಿಚಾರಕರ ಎದುರು ನಿಖರ ಅಳತೆ ಮೊದಲೇ ಗೊತ್ತಿರುವ ತುಂಡಾದ ಸ್ಲಿಪ್ ಗೇಜೊಂದನ್ನು ಮೂರು ಬಾರಿ ಅಳೆದು ಮೂರೂ ಅಳತೆಗಳನ್ನು ಬರೆಯಬೇಕೆಂದು ಸೂಚಿಸಿ, ಮೇಲ್ವಿಚಾರಕರ ಸಹಿಗೆ ಜಾಗ ಬಿಟ್ಟಿರಬೇಕು.