ಹೂವು ಬಾಡೋದ್ರೊಳಗೆ ಪೇಂಟಿಂಗ್ ಮುಗಿಯುತ್ತಾ?

ಗಿಡ-ಹೂವನ್ನ ಇದ್ದ ಹಾಗೇ ಪೇಂಟ್ ಮಾಡೋ ನನಗೆ ಮತ್ತೆ ಅದೇ ಪ್ರಶ್ನೆ: "ದಾಸವಾಳ ಒಂದೇ ದಿನಕ್ಕೆ ಮುದುಡಿಹೋಗುತ್ತೆ, ನೀವು ಗಿಡ ಎದುರಿಗಿಟ್ಕೊಂಡು ವಾರಗಟ್ಟಲೆ ಹೇಗೆ ಪೇಂಟ್ ಮಾಡ್ತೀರಾ? ಒಂದು ಫೋಟೋ ತೆಗೆದುಬಿಟ್ರೆ ಆಗಲ್ವಾ?"

ಮೊದಲ ಅರ್ಧಕ್ಕೆ ಉತ್ತರ ಚಿಕ್ಕದು. ಹೂವು ಮೊದಲು, ಎಲೆ ಕಾಂಡ ಆಮೇಲೆ, ಯಾಕಂದ್ರೆ ಎಲೆ ಕಾಯುತ್ತೆ, ಹೂವು ಕಾಯಲ್ಲ. ಹೂವಲ್ಲೂ ಮೊದಲು ಬಣ್ಣ. ಬೆಳಗ್ಗೆ ಅರಳಿದ ತಕ್ಷಣ ಬೇರೆ ಹಾಳೇಲಿ ಬಣ್ಣ ಕಲಸಿ, ಎಸಳಿನ ಪಕ್ಕಾನೇ ಹಿಡಿದು ಹೋಲಿಸಿ, ಯಾವ ಪಿಗ್ಮೆಂಟ್ ಎಷ್ಟು ಅಂತ ಬರೆದಿಟ್ಕೋತೀನಿ, ಆಮೇಲೆ ಡಿವೈಡರ್‌ನಿಂದ ಅಳೆದು ಪೆನ್ಸಿಲ್ ಸ್ಕೆಚ್. ಅಷ್ಟಾದ್ರೆ ಈ ಹೂವು ಬಾಡಿದ್ರೂ ಪರವಾಗಿಲ್ಲ, ಅದೇ ಗಿಡದಲ್ಲಿ ನಾಳೆ ಅರಳೋ ಹೂವು ನೋಡ್ಕೊಂಡು ಮುಂದುವರಿಸ್ಬಹುದು. ಆದ್ರೆ ಆಕಾರ ಮಾತ್ರ ಮೊದಲ ಹೂವಿಂದೇ, ಎರಡನ್ನೂ ಕಲಸಿದ್ರೆ ಎಲ್ಲೂ ಇಲ್ಲದ ಹೂವು ಹುಟ್ಟುತ್ತೆ.

ಈಗ ಫೋಟೋ ವಿಷಯ. ಎಷ್ಟು ಸಲ ಹೇಳಿದ್ರೂ ಈ ನಂಬಿಕೆ ಸಾಯಲ್ಲ, "ಫೋಟೋದಲ್ಲಿ ಎಲ್ಲಾ ಇರುತ್ತೆ" ಅಂತ. ಇರಲ್ಲ ಕಣ್ರೀ. ಕಡುಕೆಂಪು ದಾಸವಾಳನ ಬಿಸಿಲಲ್ಲಿ ಫೋನಿಂದ ತೆಗೀರಿ, ಕೆಂಪು ಚಾನಲ್, ಅಂದ್ರೆ ಕ್ಯಾಮೆರಾ ಕೆಂಪನ್ನ ದಾಖಲಿಸೋ ಭಾಗ, ತುಂಬಿ ತುಳುಕಿ ಎಸಳಿನ ನರ, ಮಡಿಕೆ ಎಲ್ಲಾ ಅಳಿಸಿಹೋಗಿ ಒಂದೇ ಕೆಂಪು ತೇಪೆ ಉಳಿಯುತ್ತೆ. ನೀಲಿ-ನೇರಳೆ ನಡುವಿನ ಹೂವಾದ್ರೆ ಕ್ಯಾಮೆರಾಕ್ಕೊಂದು ಬಣ್ಣ. ಎಲೆ ಹಸಿರನ್ನಂತೂ ಫೋನು ತನಗಿಷ್ಟ ಬಂದಷ್ಟು ಏರಿಸಿಬಿಡುತ್ತೆ.

ಬಣ್ಣ ಬಿಡಿ, ಆಕಾರಾನೂ ಸುಳ್ಳೇ. ಹತ್ತಿರದಿಂದ ತೆಗೆದ್ರೆ ಮುಂದಿನ ಎಸಳು ದೊಡ್ಡದು ಹಿಂದಿನದು ಚಿಕ್ಕದು, ದಾಸವಾಳದ ಮಧ್ಯದ ಕೋಲು ಮುಖಕ್ಕೇ ಚಾಚಿದ್ರೆ ಅದರ ತುದೀಲಿರೋ ಐದು ಗುಂಡುತಲೆ ಮಾತ್ರ ಸ್ಪಷ್ಟ, ಎಸಳು ಹೋಗಿ ತೊಟ್ಟಿಗೆ ಎಲ್ಲಿ ಸೇರುತ್ತೆ ಅನ್ನೋದು ಮಬ್ಬು. ಎದುರಿಗಿರೋ ಹೂವಾದ್ರೆ ಕತ್ತು ಬಗ್ಗಿಸಿ ಹಿಂದೆ ನೋಡ್ತೀವಿ, ಎಸಳು ಸರಿಸಿ ನೋಡ್ತೀವಿ, ಸಂಶಯ ಬಂದ್ರೆ ಇನ್ನೊಂದು ಹೂವು ಸೀಳಿನೂ ನೋಡ್ತೀವಿ. ಫೋಟೋನ ಏನ್ ಮಾಡ್ತೀರಾ, ಝೂಮ್ ಮಾಡ್ತೀರಾ, ಮಬ್ಬೇ ದೊಡ್ಡದಾಗಿ ಕಾಣುತ್ತೆ.

"ಹಿಂದಿನವರಿಗೆ ಕ್ಯಾಮೆರಾ ಇರಲಿಲ್ಲ, ಅದಕ್ಕೇ ಅಷ್ಟು ಕಷ್ಟಪಟ್ರು" ಅಂತಾನೂ ಹೇಳ್ತಾರೆ. ಸರಿ, 1801ರಲ್ಲಿ ಇನ್ವೆಸ್ಟಿಗೇಟರ್ ಹಡಗಲ್ಲಿ ಆಸ್ಟ್ರೇಲಿಯಾ ಕಡೆ ಹೊರಟ ಸಸ್ಯಚಿತ್ರಕಾರ ಫರ್ಡಿನಾಂಡ್ ಬಾಯರ್ ಹತ್ರ ಇರಲಿಲ್ಲ. ಆತ ಪೆನ್ಸಿಲ್ ಸ್ಕೆಚ್ ಮಾಡಿ ಎಸಳಿನ ಒಂದೊಂದು ಜಾಗಕ್ಕೂ ಬಣ್ಣದ ನಂಬರ್ ಬರೀತಿದ್ದ, ಸುಮಾರು 1000 ಛಾಯೆಗಳ ಲೆಕ್ಕ ಅದು, ವರ್ಷಗಳಾದ್ಮೇಲೆ ಇಂಗ್ಲೆಂಡಲ್ಲಿ ಕೂತು ಆ ನಂಬರ್ ಹಿಡಿದೇ ಪೇಂಟಿಂಗ್ ಮುಗಿಸಿದ. ಆದ್ರೆ 1988ರಲ್ಲಿ ಸಸ್ಯಚಿತ್ರಕಾರ್ತಿ ಮಾರ್ಗರೆಟ್ ಮೀ ಅಮೆಜಾನ್ ಕಾಡಲ್ಲಿ, ಒಂದೇ ರಾತ್ರಿ ಅರಳೋ ಕಳ್ಳಿ ಹೂವಿಗೆ ಕಾದು ಕೂತು ಸ್ಕೆಚ್ ಮಾಡಿದಾಗ ಲೋಕದಲ್ಲಿ ಕ್ಯಾಮೆರಾಗೇನು ಬರ ಇತ್ತಾ?

ಫೋಟೋ ತೆಗೀಲೇಬೇಡಿ ಅಂತಲ್ಲ, ನಾನೂ ತೆಗೀತೀನಿ. ಬೆಳಗ್ಗೆ ನೆರಳು ಯಾವ ಕಡೆ ಬಿದ್ದಿತ್ತು, ಕಾಂಡ ಹೇಗೆ ಬಾಗಿತ್ತು ಅಂತ ನೆನಪಿಗೆ. ಗಿಡ ಬೆಳಕಿನ ಕಡೆ ತಿರುಗ್ತಾನೇ ಇರುತ್ತೆ, ಮಧ್ಯಾಹ್ನ ಊಟ ಮಾಡಿ ಬರೋಷ್ಟರಲ್ಲಿ ಮೊಗ್ಗು ಬೇರೆ ಕಡೆ ನೋಡ್ತಿರುತ್ತೆ.

ಇದೆಲ್ಲ ಕೇಳೋರು ಬಿಳಿ ಹಾಳೆ ಮೇಲೆ ಬಿಳಿ ಹೂವು ಹೇಗೆ ಅಂತ ಮಾತ್ರ ಯಾಕೋ ಕೇಳಲ್ಲ. ನನಗೆ ದಾಸವಾಳಕ್ಕಿಂತ ಮಲ್ಲಿಗೆ ಕಷ್ಟ. ವಾಟರ್‌ಕಲರ್‌ನಲ್ಲಿ ಬಿಳಿ ಬಣ್ಣ ಹಚ್ಚೋದಕ್ಕಿಂತ ಹಾಳೇನೇ ಬಿಳಿಯಾಗಿ ಬಿಡೋದು ಒಳ್ಳೇದು, ಪೇಂಟ್ ಮಾಡೋದು ನೆರಳನ್ನ ಮಾತ್ರ. ಆ ನೆರಳಿಗೆ ಕಪ್ಪು ತೆಳು ಮಾಡಿ ಹಚ್ಚಿದ್ರೆ ಹೂವು ಕೊಳೆಯಾದ ಹಾಗೆ ಕಾಣುತ್ತೆ. ನೀಲಿ, ಕೆಂಪು, ಹಳದಿ ಸೇರಿಸಿ ಬೂದು ಬಣ್ಣ ಮಾಡ್ಕೊಳ್ಳಿ, ತೊಟ್ಟಿನ ಹತ್ರ ಒಂಚೂರು ಹಸಿರು, ಎಲೆ ಪಕ್ಕದ ಎಸಳಿಗೂ ಅದೇ, ಅಲ್ಲಿ ಎಲೆಯ ಬಣ್ಣ ನಿಜವಾಗ್ಲೂ ಬಿದ್ದಿರುತ್ತೆ. ಅಂಚಿಗೆ ಗೆರೆ ಎಳೀಬೇಡಿ, ಹಿಂದೆ ಒಂದು ಕಡುಹಸಿರು ಎಲೆ ಬರೋ ಹಾಗೆ ಗಿಡದ ಕುಂಡ ತಿರುಗಿಸಿಟ್ಕೊಳ್ಳಿ, ಅಂಚು ತಾನಾಗೇ ಎದ್ದು ಬರುತ್ತೆ.