ಗ್ಯಾಸ್ ಗೀಸರ್ ಹತ್ತಿದ ಕೂಡಲೇ ಆರುತ್ತದೆಯೇ? ಮೊದಲು ಸಿಲಿಂಡರ್ ನೆಟ್ಟಗೆ ನಿಲ್ಲಿಸಿ

ಪ್ರಶ್ನೆ: "ಸರ್, ನಮ್ಮದು ಬೀದರ್. ಚಳಿ ಸುರು ಆದಾಗಿಂದ ಗ್ಯಾಸ್ ಗೀಸರ್ ಹತ್ತಿದಂಗ ಆಗಿ ಆರಿ ಹೋಗ್ತದ. ಥಂಡಿಗೆ ಸಿಲಿಂಡರ್‌ನಾಗ ಗ್ಯಾಸ್ ಗಡ್ಡಿ ಕಟ್ಟ್ಯಾದ, ಅಡ್ಡ ಮಲಗಿಸಿ ಇಡ್ರಿ ಅಂತ ಬಾಜೂ ಮನಿಯವರು ಹೇಳ್ಯಾರ. ಹಂಗ ಮಾಡಬಹುದಾ?"

ಮಾಡಬೇಡಿ. ಈಗಾಗಲೇ ಮಲಗಿಸಿದ್ದರೆ ರೆಗ್ಯುಲೇಟರ್ ಬಂದ್ ಮಾಡಿ, ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಆಮೇಲೆ ಮುಂದೆ ಓದಿ.

ಡಿಸೆಂಬರ್ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಊರು ಬೀದರ್ ಇರಲಿ, ಕಲಬುರಗಿ ಇರಲಿ, ಯಾದಗಿರಿ ಇರಲಿ, ಕಥೆ ಒಂದೇ. ಒಬ್ಬರು ಮಲಗಿಸಲೇ ಅಂತಾರೆ. ಇನ್ನೊಬ್ಬರು ಬಿಸಿನೀರಿನ ಟಬ್ಬಿನಲ್ಲಿ ಇಡಲೇ ಅಂತಾರೆ. ಮತ್ತೊಬ್ಬರು ಅಲುಗಾಡಿಸಿದೆವು ಸರ್, ಸ್ವಲ್ಪ ಹೊತ್ತು ಉರಿಯಿತು ಅಂತಾರೆ. ಗೀಸರ್‌ನ ಸೆಲ್ ಬದಲಿಸಿದಿರಾ ಎಂದು ಕೇಳಿದರೆ ಮಾತ್ರ ಎಲ್ಲರೂ ಗಪ್. ಅದಕ್ಕೇ ಈ ಗಡ್ಡಿ ಕಥೆಯನ್ನು ಇವತ್ತು ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ. ಮುಂದಿನ ಚಳಿಗಾಲಕ್ಕೆ ಇದನ್ನೇ ತೋರಿಸಿದರಾಯಿತು.

ಸಿಲಿಂಡರ್ ಒಳಗೆ ಇರುವುದು ಪ್ರೊಪೇನ್ ಮತ್ತು ಬ್ಯೂಟೇನ್ ಸೇರಿದ ಗ್ಯಾಸ್. ಒತ್ತಿ ತುಂಬಿರುವುದರಿಂದ ಅದು ಒಳಗೆ ದ್ರವವಾಗಿಯೇ ಇರುತ್ತದೆ. ಅಲುಗಾಡಿಸಿದಾಗ ಕೇಳುವ ಗುಳುಗುಳು ಸದ್ದು ಆ ದ್ರವದ್ದು. ಬೇಸಿಗೆಯಲ್ಲೂ ಹಾಗೇ, ಚಳಿಯಲ್ಲೂ ಹಾಗೇ. ಅದು ಗಟ್ಟಿಯಾಗಬೇಕಾದರೆ ಬ್ಯೂಟೇನ್‌ಗೆ ಮೈನಸ್ 138 ಡಿಗ್ರಿ ಚಳಿ ಬೇಕು, ಪ್ರೊಪೇನ್‌ಗೆ ಮೈನಸ್ 188. ಬೀದರ್‌ನ ಚಳಿ ಜೋರು ಅನ್ನುವುದನ್ನು ಒಪ್ಪಿದೆ. ಆದರೂ ಬೆಳಗಿನ ಜಾವ 10 ಡಿಗ್ರಿ ಆಸುಪಾಸು, ಕೆಲವು ದಿನ ಅದಕ್ಕೂ ತುಸು ಕೆಳಗೆ, ಅಷ್ಟೇ ತಾನೇ? ಕೊಡದಲ್ಲಿಟ್ಟ ನೀರೇ ಬರ್ಫ ಆಗಿಲ್ಲ, ಗ್ಯಾಸ್ ಎಲ್ಲಿಂದ ಗಡ್ಡೆ ಕಟ್ಟಬೇಕು?

ಇಲ್ಲಿ ಒಬ್ಬ ಜಾಣ ಓದುಗ ಎದ್ದು ನಿಲ್ಲುತ್ತಾನೆ. "ಗಟ್ಟಿ ಆಗದಿದ್ದರೂ ಚಳಿಗೆ ಆವಿಯಾಗುವುದು ನಿಲ್ಲಬಹುದಲ್ಲ?" ಒಳ್ಳೆಯ ಪ್ರಶ್ನೆ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ. ಬ್ಯೂಟೇನ್ ಕುದಿಯುವುದು ಮೈನಸ್ ಅರ್ಧ ಡಿಗ್ರಿಗೆ, ಅಂದರೆ ಹೆಚ್ಚುಕಡಿಮೆ ಸೊನ್ನೆಗೆ. ಹೊರಗೆ 10 ಡಿಗ್ರಿ ಇದ್ದಾಗ ಬರೀ ಬ್ಯೂಟೇನ್ ಇದ್ದರೂ ಸಿಲಿಂಡರ್ ಒಳಗೆ ಸುಮಾರು ಅರ್ಧ ಬಾರ್ ಒತ್ತಡ ಉಳಿದಿರುತ್ತದೆ. ಮನೆಯ ರೆಗ್ಯುಲೇಟರ್ ಹೊರಗೆ ಬಿಡುವುದು ಎಷ್ಟು? 0.03 ಬಾರ್. ಬೇಕಾದ್ದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಒತ್ತಡ ಒಳಗಿದೆ.

ಹಾಗಾದರೆ ಈ ನಂಬಿಕೆ ಹುಟ್ಟಿದ್ದು ಎಲ್ಲಿಂದ? ಸುಮ್ನೆ ಹುಟ್ಟಿದ್ದಲ್ಲ, ಕಣ್ಣಿಗೆ ಕಂಡದ್ದರಿಂದಲೇ ಹುಟ್ಟಿದೆ. ಗೀಸರ್ ಉರಿಯುವಾಗ ಸಿಲಿಂಡರ್ ಮುಟ್ಟಿ ನೋಡಿ. ಕೆಳಗಿನ ಭಾಗ ತಣ್ಣಗೆ ಕೊರೆಯುತ್ತದೆ, ಮೇಲೆ ನೀರಿನ ಹನಿ ಬೆವೆತಿರುತ್ತದೆ. ಒಳಗೆ ಬರ್ಫ ಆಗಿದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ನಿಜ ಸಂಗತಿ ನಮ್ಮ ಬೇಸಿಗೆಯ ಮಣ್ಣಿನ ಗಡಿಗೆಯದ್ದೇ. ನೀರು ಆವಿಯಾಗುವಾಗ ಗಡಿಗೆಯ ಶಾಖ ಎಳೆದುಕೊಳ್ಳುತ್ತದೆ, ಉಳಿದ ನೀರು ತಂಪಾಗುತ್ತದೆ. ಸಿಲಿಂಡರ್‌ನಲ್ಲೂ ದ್ರವ ಆವಿಯಾಗುವಾಗ ತಗಡಿನ ಶಾಖ ಎಳೆದುಕೊಳ್ಳುತ್ತದೆ. ತಣ್ಣಗಾಗಿದೆ ಎಂದರೆ ಗ್ಯಾಸ್ ಚೆನ್ನಾಗಿ ಹೊರಗೆ ಹೋಗುತ್ತಿದೆ ಎಂದರ್ಥ, ಕಟ್ಟಿಕೊಂಡಿದೆ ಎಂದಲ್ಲ.

ಇದರಲ್ಲಿ ಒಂದು ಚೂರು ಸತ್ಯವೂ ಉಂಟು. 6 ಲೀಟರಿನ ಗೀಸರ್ ಪೂರ್ತಿ ಉರಿದರೆ ಗಂಟೆಗೆ ಸುಮಾರು ಒಂದು ಕಿಲೋ ಗ್ಯಾಸ್ ಎಳೆಯುತ್ತದೆ. ಒಲೆಯ ಐದಾರು ಬರ್ನರ್ ಒಟ್ಟಿಗೆ ಹಚ್ಚಿದ ಹಾಗೆ. 14.2 ಕಿಲೋ ಸಿಲಿಂಡರ್ ಮುಗಿಯುವ ಹೊತ್ತಿಗೆ ಒಳಗೆ ಬರೀ ತಳ ತೊಯ್ಯುವಷ್ಟು ದ್ರವ ಉಳಿದಿರುತ್ತದೆ. ಪ್ರೊಪೇನ್ ಜಾಸ್ತಿ ಮೊದಲೇ ಹೋಗಿ, ಹಿಂದೆ ಉಳಿದಿದ್ದು ಹೆಚ್ಚಾಗಿ ಬ್ಯೂಟೇನ್. ಚಳಿಯೂ ಇದ್ದರೆ ಗೀಸರ್ ಕೇಳುವಷ್ಟು ಬೇಗ ಅದು ಆವಿಯಾಗುವುದಿಲ್ಲ. ಉರಿ ಸಣ್ಣಗಾಗುತ್ತದೆ, ಗೀಸರ್ ಬಂದ್ ಆಗುತ್ತದೆ. ಇದು ಗ್ಯಾಸ್ ಗಡ್ಡೆ ಕಟ್ಟಿದ್ದಲ್ಲ ಮಾರಾಯರೇ, ಗ್ಯಾಸ್ ಮುಗಿಯುತ್ತಾ ಬಂದದ್ದು! ಆ ಸಿಲಿಂಡರನ್ನು ಅಡುಗೆಮನೆಗೆ ಒಯ್ಯಿರಿ. ಗೀಸರ್‌ಗೆ ಸಾಲದ ಗ್ಯಾಸ್ ಒಲೆಗೆ ಇನ್ನೂ ಕೆಲವು ದಿನ ಸಾಲುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಬೇಕೇ? ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ. ತೂಗಿ ಕಳೆದರೆ ಲೆಕ್ಕ ಸಿಗುತ್ತದೆ.

ಮಲಗಿಸಿದಾಗ ಉರಿಯುವುದು ಏಕೆ ಅಂತೀರಾ? ಅದೇ ಹೆದರಬೇಕಾದ ಮಾತು. ನೆಟ್ಟಗಿದ್ದಾಗ ಮೇಲಿನ ವಾಲ್ವಿಗೆ ಆವಿ ಸಿಗುತ್ತದೆ. ಮಲಗಿಸಿದರೆ ದ್ರವವೇ ವಾಲ್ವಿಗೆ ಹರಿಯುತ್ತದೆ. ಒಂದು ಲೀಟರ್ ದ್ರವ ಹೊರಗೆ ಬಂದರೆ ಸುಮಾರು 250 ಲೀಟರ್ ಗ್ಯಾಸ್ ಆಗುತ್ತದೆ. ರೆಗ್ಯುಲೇಟರ್ ಮಾಡಿರುವುದು ಆವಿಗೆ, ದ್ರವಕ್ಕಲ್ಲ. ಉರಿ ಭಗ್ಗನೆ ಗೀಸರ್ ಬಿಟ್ಟು ಹೊರಗೆ ಬರಬಹುದು. ಬಾಜೂ ಮನೆಯವರಿಗೆ ಇದುವರೆಗೆ ಏನೂ ಆಗಿಲ್ಲ ಎಂದರೆ ಅವರ ನಸೀಬು ಚೆನ್ನಾಗಿದೆ, ಅಷ್ಟೇ. ಬಿಸಿನೀರಿನ ಟಬ್ಬಿನ ಉಪಾಯವೂ ಬೇಡ. ಸಿಲಿಂಡರನ್ನು ಕಾಯಿಸುವ ಯಾವ ಉಪಾಯವೂ ಬೇಡ.

"ಮತ್ತೆ ಚಳಿಗಾಲದಲ್ಲೇ ಯಾಕೆ ಕೆಡುತ್ತದೆ?" ಯಾಕೆಂದರೆ ನೀವು ಅದನ್ನು ಹಚ್ಚುವುದೇ ಚಳಿಗಾಲದಲ್ಲಿ! ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಟಾಕಿಯ ನೀರೇ ಕುದಿಯುವಷ್ಟು ಬಿಸಿ. ಗೀಸರ್ ಯಾರಿಗೆ ಬೇಕು? ತಿಂಗಳುಗಟ್ಟಲೆ ಅದು ಗೋಡೆಯ ಮೇಲೆ ಸುಮ್ಮನೆ ನೇತಾಡುತ್ತದೆ. ಒಳಗಿನ ಸೆಲ್ ಸೋರುತ್ತವೆ, ಬರ್ನರ್‌ನಲ್ಲಿ ಜೇಡ ಬಲೆ ಕಟ್ಟುತ್ತದೆ, ನೀರಿನ ಜಾಲರಿಯಲ್ಲಿ ಉಪ್ಪು ಕೂತು ಒಣಗುತ್ತದೆ. ಡಿಸೆಂಬರ್‌ನಲ್ಲಿ ಒಮ್ಮೆಲೇ ನಲ್ಲಿ ತಿರುಗಿಸಿ ಬಿಸಿನೀರು ಬಾ ಎಂದರೆ ಎಲ್ಲಿಂದ ಬರಬೇಕು?

ಈಗ ನಿಮ್ಮ ಗೀಸರ್‌ಗೆ ಬರೋಣ. ನಲ್ಲಿ ಬಿಟ್ಟು ಕಿವಿಗೊಟ್ಟು ಕೇಳಿ. ಕಿಡಿ ಹಾರುವ ಟಿಕ್ ಟಿಕ್ ಸದ್ದೇ ಇಲ್ಲದಿದ್ದರೆ ಸೆಲ್ ಹೋಗಿದೆ, ಇಲ್ಲವೇ ನೀರಿನ ಒತ್ತಡ ಸಾಲುತ್ತಿಲ್ಲ. ಎರಡು ದೊಡ್ಡ ಸೆಲ್ ಹೊಸದು ಹಾಕಿ ನೋಡಿ. ಗೋಡೆ ಗಡಿಯಾರ ನಡೆಸುವ ಹಳೇ ಸೆಲ್ ಇದನ್ನು ನಡೆಸುವುದಿಲ್ಲ, ಅದನ್ನು ತಂದು ಪ್ರಯೋಗ ಮಾಡಬೇಡಿ. ಸದ್ದು ಬರುತ್ತದೆ, ಉರಿ ಹತ್ತುವುದೇ ಇಲ್ಲ ಎಂದರೆ ಗ್ಯಾಸ್ ಬರುತ್ತಿಲ್ಲ: ರೆಗ್ಯುಲೇಟರ್, ಪೈಪಿನ ಮಡಿಕೆ, ಖಾಲಿ ಸಿಲಿಂಡರ್. ನಿಮ್ಮ ಹಾಗೆ ಹತ್ತಿದಂಗಾಗಿ ಕೆಲವೇ ಸೆಕೆಂಡಿನಲ್ಲಿ ಆರಿದರೆ ಮೊದಲ ಅನುಮಾನ ಉರಿ ಗುರುತಿಸುವ ಸಣ್ಣ ಕಡ್ಡಿಯ ಮೇಲೆ. ಬರ್ನರ್ ಬಳಿ ಇರುವ ಆ ಕಡ್ಡಿಗೆ ಮಸಿ ಹಿಡಿದರೆ ಉರಿ ಇದ್ದರೂ ಗೀಸರ್‌ಗೆ ಕಾಣಿಸುವುದಿಲ್ಲ, ಗ್ಯಾಸ್ ಬಂದ್ ಮಾಡುತ್ತದೆ. ಮಿಸ್ತ್ರಿಯನ್ನು ಕರೆಸಿ ಒರೆಸಿಸಿ, ಅಲ್ಲೇ ಬರ್ನರ್ ಕೂಡ ಊದಿಸಿ. ಸೆಲ್ ಸೋತಿದ್ದರೂ ಇದೇ ಲಕ್ಷಣ ಬರಬಹುದು. ಹಾಗಾಗಿ ಸೆಲ್ ಮೊದಲು, ಮಿಸ್ತ್ರಿ ಆಮೇಲೆ. ಚೆನ್ನಾಗಿ ಉರಿದು ಸರಿಯಾಗಿ 20 ನಿಮಿಷಕ್ಕೆ ಆರಿದರೆ ಅದು ದೋಷವಲ್ಲ. ಅನೇಕ ಗೀಸರ್‌ಗಳಲ್ಲಿ ಸುರಕ್ಷತೆಗೆಂದೇ ಆ ಟೈಮರ್ ಇರುತ್ತದೆ.

ನೀರಿನ ಒತ್ತಡದ ಬಗ್ಗೆ ಒಂದು ಮಾತು. ಒಂದು ಮೀಟರ್ ಎತ್ತರಕ್ಕೆ ಸಿಗುವುದು 0.1 ಬಾರ್. ಅನೇಕ ಗೀಸರ್‌ಗಳು ಕಡಿಮೆ ಎಂದರೂ 0.2 ಬಾರ್ ಕೇಳುತ್ತವೆ. ನಮ್ಮ ಕಡೆ ಒಂದಂತಸ್ತಿನ ಮನೆ, ಮಾಳಿಗೆ ಮೇಲೆ ನೇರವಾಗಿ ಕೂರಿಸಿದ ಟಾಕಿ. ಶವರ್‌ಗೂ ಟಾಕಿಗೂ ಅಷ್ಟು ಅಂತರ ಎಲ್ಲಿದೆ? ಕಟ್ಟೆ ಕಟ್ಟಿ ಟಾಕಿ ಎತ್ತರಿಸಿ, ಇಲ್ಲವೇ ಶವರ್ ಬಿಟ್ಟು ಕೆಳಗಿನ ನಲ್ಲಿಯಿಂದ ಬಕೆಟ್ಟಿಗೆ ಹಿಡಿಯಿರಿ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯವರು ಜಾಲರಿಯನ್ನೂ ಬಿಚ್ಚಿ ನೋಡಬೇಕು. ನಿಮ್ಮ ಬಚ್ಚಲಿಗೆ ಹಾಸಿದ ಪರ್ಸಿ ಚಪ್ಪಡಿ ಸುಣ್ಣದ ಕಲ್ಲು. ಬೋರಿನ ನೀರು ಬರುವುದೂ ಅದೇ ಕಲ್ಲಿನೊಳಗಿಂದ. ಜಾಲರಿಗೆ ಕಟ್ಟಿದ ಬಿಳಿ ಪದರ ವಿನೆಗರ್‌ನಲ್ಲಿ ನೆನೆಹಾಕಿದರೆ ಬಿಡುತ್ತದೆ.

ಇನ್ನು ನೀವು ಕೇಳದ ಪ್ರಶ್ನೆ. ಗೀಸರ್ ಎಲ್ಲಿ ಹಾಕಿಸಿದ್ದೀರಿ? ಬಚ್ಚಲ ಒಳಗೇ ಹಾಕಿ, ಚಳಿ ಎಂದು ಕಿಟಕಿಗೆ ರಟ್ಟು ಬಡಿದಿದ್ದರೆ, ಗೀಸರ್ ಆರುತ್ತಿರುವುದು ನಿಮ್ಮ ಪುಣ್ಯ. ಮುಚ್ಚಿದ ಸಣ್ಣ ಕೋಣೆಯಲ್ಲಿ ಗ್ಯಾಸ್ ಉರಿದರೆ ಆಮ್ಲಜನಕ ಕಡಿಮೆಯಾಗುತ್ತದೆ, ಉರಿ ಅರೆಬರೆಯಾಗುತ್ತದೆ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ. ಸಿಲಿಂಡರ್ ಗ್ಯಾಸಿಗೆ ವಾಸನೆಯನ್ನು ಬೇಕೆಂದೇ ಬೆರೆಸಿರುತ್ತಾರೆ, ಸೋರಿದರೆ ಗೊತ್ತಾಗಲಿ ಎಂದು. ಈ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆ ತಿರುಗು, ಓಕರಿಕೆ. ಆಮೇಲೆ ಚಿಲಕ ತೆಗೆಯುವಷ್ಟೂ ಶಕ್ತಿ ಇರುವುದಿಲ್ಲ. ನೀಲಿ ಇರಬೇಕಾದ ಉರಿ ಹಳದಿಯಾಗಿದ್ದರೆ ಅವತ್ತೇ ಗೀಸರ್ ನಿಲ್ಲಿಸಿ. ತಲೆ ತಿರುಗಿದಂತಾದರೆ ಅಲ್ಲೇ ಕೂರಬೇಡಿ, ಬಾಗಿಲು ತೆರೆದು ಹೊರಗಿನ ಗಾಳಿಗೆ ಬನ್ನಿ, ಆಸ್ಪತ್ರೆಗೆ ತೋರಿಸಿ. ಗ್ಯಾಸ್ ಸೋರಿದ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಸಿಲಿಂಡರ್ ಬಂದ್ ಮಾಡಿ, ಹೊರಗೆ ಹೋಗಿ ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಫೋನ್ ಮಾಡಿ.

ಗೀಸರನ್ನೂ ಸಿಲಿಂಡರನ್ನೂ ಬಚ್ಚಲ ಹೊರಗಿನ ಗೋಡೆಗೆ, ಬಯಲಿಗೆ ತನ್ನಿ. ಒಳಗೆ ಬರಬೇಕಾದ್ದು ಬಿಸಿನೀರಿನ ಪೈಪು ಮಾತ್ರ. ಮೇಲೆ ಮಳೆಗೆ ಒಂದು ತಗಡು, ಗಾಳಿ ನೇರ ಬಡಿಯದಂತೆ ಒಂದು ಬದಿಗೆ ಮರೆ ಇರಲಿ. ಸುತ್ತ ಪೂರ್ತಿ ಮುಚ್ಚಿ ಪೆಟ್ಟಿಗೆ ಮಾಡಬೇಡಿ. ಪೈಪು ಉದ್ದವಾಗುವುದರಿಂದ ಮೊದಲು ಸ್ವಲ್ಪ ತಣ್ಣೀರು ಬರುತ್ತದೆ. ಅದಕ್ಕೊಂದು ಬಕೆಟ್ ಇಡಿ, ಬಟ್ಟೆ ಒಗೆಯಲು ಆದೀತು.